ಫಸಲಿಗೆ ಮುಂಚಿನ ಐದು ವರ್ಷ: ಗಿರಿಜನರ ‘ವಾಡಿ’ ತೋಟ ಕುರಿತ ಟಿಪ್ಪಣಿ

‘ವಾಡಿ’ ಎಂದರೆ ಗುಜರಾತಿಯಲ್ಲಿ ಚಿಕ್ಕ ತೋಟ. 1982ರಲ್ಲಿ ದಕ್ಷಿಣ ಗುಜರಾತಿನ ವಾಂಸದಾದಲ್ಲಿ ಬೈಫ್ ಸಂಸ್ಥೆ ಆದಿವಾಸಿ ಕುಟುಂಬಗಳೊಂದಿಗೆ ಆರಂಭಿಸಿದ ಬೇಸಾಯಕ್ಕೆ ಇದೇ ಹೆಸರು ನಿಂತಿತು. ಕುಟುಂಬಕ್ಕೆ ಸುಮಾರು ಒಂದು ಎಕರೆ. ಅದರಲ್ಲಿ ಕಸಿ ಮಾವು, ಗೇರು. ಬದುವಿನ ಮೇಲೆ ಸೌದೆ, ಮೇವಿನ ಮರ. ಸಾಲುಗಳ ನಡುವೆ ಎಂದಿನ ಧಾನ್ಯ. 2003-04ರಲ್ಲಿ ನಬಾರ್ಡ್ ಆದಿವಾಸಿ ಅಭಿವೃದ್ಧಿ ನಿಧಿ ಸ್ಥಾಪಿಸಿದ ಮೇಲೆ ಈ ಮಾದರಿ ಕರ್ನಾಟಕಕ್ಕೂ ಬಂತು.

ಇಂಥ ತೋಟಗಳ ಫಲವನ್ನು ನೆಟ್ಟ ಸಸಿಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಎಣಿಸಬೇಕಾದ್ದು ವರ್ಷಗಳನ್ನು ಎಂಬುದು ನನ್ನ ವಾದ. ಹತ್ತು ಮೀಟರ್ ಅಂತರಕ್ಕೆ ನೆಟ್ಟರೆ ಎಕರೆಗೆ 40 ಮಾವು. ಕಸಿ ಗಿಡವೂ ಕೈಗೆ ಹತ್ತುವಷ್ಟು ಕಾಯಿ ಬಿಡಲು ನಾಲ್ಕೈದು ವರ್ಷ ಬೇಕು. ಅಲ್ಲಿಯತನಕ ಮನೆ ಸಾಕುವುದು ಸಾಲಿನ ನಡುವಣ ರಾಗಿ, ಅವರೆ, ಹುರುಳಿ. ಮಳೆ ತಪ್ಪಿ ಅದೂ ಕೈಕೊಟ್ಟರೆ ಹೆಗ್ಗಡದೇವನಕೋಟೆಯ ಹಾಡಿಗಳ ಜೇನುಕುರುಬರು ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೋಗಬೇಕಾಗುತ್ತದೆ. ಆಗ ಬೇಸಿಗೆಯಲ್ಲಿ ಎಳೆಗಿಡಕ್ಕೆ ನೀರು ಹೊಯ್ಯುವವರು ಯಾರು?

ಹಳ್ಳಿಮೈಸೂರಿನ ಕಡೆ ತೆಂಗಿನ ಸಸಿ ನೆಟ್ಟ ರೈತನೂ ಇಷ್ಟೇ ಕಾಲ ಕಾಯುತ್ತಾನೆ. ಆದರೆ ಪಹಣಿ ಅವನ ಹೆಸರಿನಲ್ಲಿದೆ, ಅದರ ಮೇಲೆ ಸೊಸೈಟಿಯ ಸಾಲ ಹುಟ್ಟುತ್ತದೆ. ಬಂಡೀಪುರದ ಹುಲಿ ಯೋಜನೆಗೂ ಕಬಿನಿ ಜಲಾಶಯಕ್ಕೂ ನೆಲೆ ಕಳೆದುಕೊಂಡವರಿಗೆ ಆ ಆಸರೆ ಇಲ್ಲ. ಕಾಯುವ ಶಕ್ತಿ ಸ್ವಭಾವದ ಮಾತಲ್ಲ, ಆಸ್ತಿಯ ಮಾತು.

ನೀರಿನ ಪಾಠ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ. ಆದಿಹಳ್ಳಿ–ಮೈಲನಹಳ್ಳಿ ಭಾಗದ ಒಣಬೇಸಾಯಗಾರರೊಂದಿಗೆ ಬೈಫ್ ಕೆಲಸ ಮಾಡಿದಾಗ ಸಸಿಗಳ ಜೊತೆಗೇ ಹೊಲಹೊಲಕ್ಕೂ ಕೃಷಿಹೊಂಡ ತೋಡಿಸಿತು. ಅವರು ಗಿರಿಜನರಲ್ಲ, ಮಳೆಯಾಶ್ರಿತ ನೆಲದ ಕಷ್ಟ ಮಾತ್ರ ಒಂದೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಬೇರೆ ದಾರಿ. ಅವರ ಕಾಫಿ, ಮೆಣಸು ಬೆಳೆಯುವುದು ಕಾಡುಮರಗಳ ನೆರಳಿನಲ್ಲೇ. 2011ರಲ್ಲಿ ಅವರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ದೊರೆತದ್ದು ಸಸಿ ವಿತರಣೆಗಿಂತ ದೊಡ್ಡ ಸಂಗತಿ ಎಂದು ನಾನು ಭಾವಿಸುತ್ತೇನೆ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಾಗುವಳಿ ಭೂಮಿಗೆ 4 ಹೆಕ್ಟೇರ್‌ವರೆಗೆ ಹಕ್ಕುಪತ್ರಕ್ಕೆ ಅವಕಾಶವಿದೆ. ಅದು ಗಂಡ, ಹೆಂಡತಿ ಇಬ್ಬರ ಹೆಸರಿನಲ್ಲಿರುತ್ತದೆ. ಮಕ್ಕಳಿಗೆ ಸಲ್ಲುತ್ತದೆ, ಮಾರಲು ಬಾರದು. ಮಾವಿನಂಥ ದೀರ್ಘಾಯುಷಿ ಮರಕ್ಕೆ ಇದಕ್ಕಿಂತ ಒಪ್ಪುವ ಒಡೆತನವಿಲ್ಲ. ಆದ್ದರಿಂದ ಯೋಜನೆ ರೂಪಿಸುವವರಲ್ಲಿ ಕೋರಿಕೆ: ಮೊದಲು ಹಕ್ಕುಪತ್ರ, ಆಮೇಲೆ ಹೊಂಡ, ಕೊನೆಗೆ ಸಸಿ ಕೊಡಿ.