ಒಂದೇ ಜೌಗಿನ ಸೀಡರ್ ಮತ್ತು ಮರಗಪ್ಪೆ

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪೈನ್ ಬ್ಯಾರೆನ್ಸ್ ಸೀಮೆಯ ಚರಿತ್ರೆಯನ್ನು ಕೊಡಲಿಯ ಕಥೆಯಾಗಿ ಹೇಳುವುದೇ ರೂಢಿ. ಅಲ್ಲಿನ ಜೌಗಿನ ಬಿಳಿ ಸೀಡರ್ ಮರದ ಮಟ್ಟಿಗೆ ಅದು ನಿಜವೂ ಹೌದು. ಹಗುರವಾದ, ಬೇಗ ಕೊಳೆಯದ ಈ ಮರವನ್ನು ಸೀಳಿ ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳ ಮನೆಗಳಿಗೆ ಚಾವಣಿ ಹೊದಿಸುತ್ತಿದ್ದರು. 1748ರಲ್ಲಿ ಅಲ್ಲಿಗೆ ಬಂದ ಸಸ್ಯವಿಜ್ಞಾನಿ ಪೆಹ್ರ್ ಕಾಲ್ಮ್, ಮರ ಮುಗಿಯುತ್ತಿದೆಯೆಂದು ಆಗಲೇ ಎಚ್ಚರಿಸಿದ್ದ. ಹಗುರ ಚಾವಣಿಯನ್ನು ನೆಚ್ಚಿ ಕಟ್ಟಿದ ತೆಳು ಗೋಡೆಗಳು ಮುಂದೆ ಹೆಂಚಿನ ಭಾರ ತಾಳಲಾರವು ಎಂಬುದು ಅವನ ಚಿಂತೆ. 19ನೆಯ ಶತಮಾನದಲ್ಲಿ ಡೆನಿಸ್‌ವಿಲ್ ಸುತ್ತಿನ ಜನ ಕೆಸರಿನಡಿ ಹೂತುಹೋಗಿದ್ದ ದಿಮ್ಮಿಗಳನ್ನೂ ಬಿಡಲಿಲ್ಲ. ಉದ್ದನೆಯ ಕಬ್ಬಿಣದ ಸಲಾಕೆಯನ್ನು ಚುಚ್ಚಿ ದಿಮ್ಮಿ ಹುಡುಕುತ್ತಿದ್ದರು. ಒಂದು ಚಕ್ಕೆ ಕಿತ್ತು ಮೂಸಿದರೆ ಸಾಕು, ಅದು ಹಸಿಯಾಗಿದ್ದಾಗಲೇ ಗಾಳಿಗೆ ಉರುಳಿದ ಗಟ್ಟಿ ಮರವೋ, ನಿಂತಲ್ಲೇ ಕೆಟ್ಟು ಮುರಿದದ್ದೋ ಎಂದು ಅವರಿಗೆ ತಿಳಿಯುತ್ತಿತ್ತು.

ಅದೇ ಜೌಗಿನ ಮರಗಪ್ಪೆಯ ಲೆಕ್ಕವೇ ಬೇರೆ. ಹಚ್ಚ ಹಸಿರು ಮೈ, ಪಕ್ಕದಲ್ಲಿ ಬಿಳಿ ಅಂಚಿನ ನೇರಳೆ ಪಟ್ಟೆ, ತೊಡೆಯ ಒಳಬದಿಗೆ ಕಿತ್ತಳೆ ಬಣ್ಣ: ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಜೀವಿ. ಸೀಡರ್ ಬೆಳೆಯುವ ಆಮ್ಲೀಯ ನೀರೇ ಇದಕ್ಕೂ ಒಗ್ಗಿದ್ದು. ಬೇರೆ ಎಷ್ಟೋ ಕಪ್ಪೆಗಳ ಮೊಟ್ಟೆ ಹಾಳಾಗುವ ಪಿಎಚ್ 4ರ ಆಸುಪಾಸಿನಲ್ಲೂ ಇದರ ಗೊದಮೊಟ್ಟೆಗಳು ಬೆಳೆಯುತ್ತವೆ. ಆದರೆ ಸೀಡರ್ ಒತ್ತಾಗಿ ಬೆಳೆದು ನೆಲಕ್ಕೆ ಬಿಸಿಲೇ ತಾಕದಂತೆ ಮಾಡುತ್ತದೆ. ಕಪ್ಪೆಗೆ ಬೇಕಾದದ್ದು ಪೊದೆ, ಪಾಚಿಗಳ ನಡುವಿನ ಬಯಲು ಹೊಂಡ. ಮರ ಬಿದ್ದ ಕಡೆ ಅದಕ್ಕೆ ಜಾಗ ಸಿಕ್ಕಿರುವುದೂ ಉಂಟು. ಮರದ ಕಣ್ಣಿಗೆ ಬರೀ ನಷ್ಟವಾಗಿ ಕಂಡ ಚರಿತ್ರೆ ಕಪ್ಪೆಯ ಕಣ್ಣಿಗೆ ಹಾಗೆ ಕಾಣುವುದಿಲ್ಲ.

ಹಾಗಾದರೆ ಕಡಿದದ್ದೇ ಒಳ್ಳೆಯದಾಯಿತೇ ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಕಾಡ್ಗಿಚ್ಚು, ಬೀವರ್‌ಗಳ ಒಡ್ಡು ಮೊದಲಿನಿಂದಲೂ ಇಂಥ ಬಯಲುಗಳನ್ನು ಮಾಡಿಕೊಡುತ್ತಿದ್ದವು. ಕೊಡಲಿ ಬಾರದಿದ್ದರೂ ಕಪ್ಪೆ ಬದುಕುತ್ತಿತ್ತು. ಕಡಿದ ಜಾಗದಲ್ಲಿ ಸೀಡರ್ ಸಸಿಗಳನ್ನು ಜಿಂಕೆಗಳು ಮೇಯುತ್ತವೆ, ಕೆಂಪು ಮೇಪಲ್ ನುಗ್ಗುತ್ತದೆ, ಮರ ಮರಳುವುದೇ ಕಷ್ಟ. ಆದರೂ ಎರಡಕ್ಕೂ ಒಟ್ಟಿಗೆ ಕುತ್ತು ತರುವುದು ಕೊಡಲಿಯಲ್ಲ, ನೀರಿಗೆ ಕೈಹಾಕುವ ಕೆಲಸ. ಜೌಗನ್ನು ಬಸಿದರೆ ಮರವೂ ಇಲ್ಲ, ಕಪ್ಪೆಯೂ ಇಲ್ಲ. ಹೊಲದ ಗೊಬ್ಬರ, ಬಡಾವಣೆಯ ಕೊಳಚೆ ಸೇರಿ ನೀರಿನ ಹುಳಿ ಇಳಿದರೆ ಹೊರಗಿನ ಗಿಡಗಳೂ ಬೇರೆ ಕಪ್ಪೆಗಳೂ ಬಂದು ನೆಲೆಯೂರುತ್ತವೆ. 1978ರಲ್ಲಿ ಈ ಸೀಮೆ ರಾಷ್ಟ್ರೀಯ ಮೀಸಲು ಪ್ರದೇಶವಾಯಿತು, ಮರುವರ್ಷ ರಾಜ್ಯದ ಕಾಯ್ದೆ ಬಂತು. ಅದರಡಿ ಮನೆ ಕಟ್ಟುವವರಿಗೆ ಹಾಕಿದ ನೀರಿನ ನಿಯಮಗಳೇ, ಮರ ಕಡಿಯಬೇಡಿ ಎಂಬ ಯಾವ ಬೋರ್ಡಿಗಿಂತಲೂ ಹೆಚ್ಚಾಗಿ, ಈ ಎರಡು ಜೀವಗಳಿಗೂ ಆಸರೆ.