ಅಪ್ಪನ ಖಾತೆ ಪುಸ್ತಕ

ನಮ್ಮಪ್ಪ ಊರಿಗೆ ದೊಡ್ಡ ಸಾಹುಕಾರರೇನೂ ಆಗಿರಲಿಲ್ಲ. ತರೀಕೆರೆ ಪೇಟೆಯಲ್ಲಿ ಅವರದೊಂದು ದಿನಸಿ ಅಂಗಡಿ; ಅದಕ್ಕೆ ಹೆಸರಿನ ಹಲಗೆ ಸಹ ಇರಲಿಲ್ಲ. ಊರಿನ ಇತಿಹಾಸ ಬರೆಯುವವರು ಪಾಳೆಯಗಾರರನ್ನು ನೆನೆಯುತ್ತಾರೆ, ಕೆರೆ ಏರಿಯನ್ನು ನೆನೆಯುತ್ತಾರೆ. ಉಪ್ಪು, ಬೇಳೆ, ಬೆಲ್ಲ ತೂಗಿಕೊಟ್ಟವರನ್ನು ಯಾರು ನೆನೆಯುತ್ತಾರೆ? ಆದರೆ ಅಪ್ಪ ತಮ್ಮ ಇತಿಹಾಸವನ್ನು ತಾವೇ ಬರೆದಿಟ್ಟಿದ್ದರು. ಕೆಂಪು ಬಟ್ಟೆಯ ರಟ್ಟು ಹಾಕಿದ ಆ ಲೆಕ್ಕದ ಪುಸ್ತಕಗಳು ಅವರು ಹೋದ ಮೇಲೆ ಅಟ್ಟದಲ್ಲಿ ಸಿಕ್ಕವು.

ಅಜ್ಜನ ಊರು ಕಡೂರು. 1947ರವರೆಗೆ ಚಿಕ್ಕಮಗಳೂರು ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರಿತ್ತು ಎಂಬುದನ್ನು ಅಜ್ಜ ತಮ್ಮದೇ ಜಹಗೀರೇನೋ ಎಂಬಂತೆ ಹೇಳಿಕೊಳ್ಳುತ್ತಿದ್ದರು. 1889ರಲ್ಲಿ ಬೆಂಗಳೂರಿನಿಂದ ಹರಿಹರಕ್ಕೆ ರೈಲು ಬಂತು. ಹತ್ತು ವರ್ಷದ ಮೇಲೆ ಬೀರೂರಿನಿಂದ ತರೀಕೆರೆ ಹಾದು ಶಿವಮೊಗ್ಗಕ್ಕೆ ಕವಲು ದಾರಿಯಾಯಿತು. ಬಯಲುಸೀಮೆಯ ಕಾಳು ಮೇಲೆ ಹೋಗಬೇಕು, ಮಲೆನಾಡಿನ ಅಡಿಕೆ ಕೆಳಗೆ ಬರಬೇಕು, ನಡುವೆ ತರೀಕೆರೆ. ಅಲ್ಲಿ ಅಂಗಡಿ ಇಟ್ಟರೆ ಹೊಟ್ಟೆಗೆ ಮೋಸವಿಲ್ಲವೆಂದು ಅಜ್ಜ ಎರಡನೆಯ ಮಗನನ್ನು ಕಳಿಸಿದರು.

ಅಮ್ಮನ ತವರು ಅಜ್ಜಂಪುರ. ಈಗ ಅದೇ ಒಂದು ತಾಲ್ಲೂಕು. ಆಗ ತರೀಕೆರೆ ತಾಲ್ಲೂಕಿನ ಹೋಬಳಿ. ಹತ್ತಿರದ ಊರೇ ಆದರೂ ರೈಲಿನಲ್ಲಿ ಹೋಗಬೇಕಾದರೆ ಬೀರೂರಿನಲ್ಲಿಳಿದು ಗಾಡಿ ಬದಲಾಯಿಸಬೇಕಿತ್ತು. ತವರಿನವರು ಹಾಕಿ ಕಳಿಸಿದ ನಾಲ್ಕು ಚಿನ್ನದ ಬಳೆ ಅಮ್ಮನ ಕೈಯಲ್ಲಿದ್ದವು. ಅಂತರಘಟ್ಟೆ ಜಾತ್ರೆಗೆ ಹೋಗುವಾಗ ಅವನ್ನು ಹಾಕಿಕೊಂಡೇ ಹೋಗುತ್ತಿದ್ದರು. ಆ ಜಾತ್ರೆಗೆ ಊರೂರಿನಿಂದ ಪಾನಕದ ಗಾಡಿಗಳು ಓಡುತ್ತವೆ. ಅದಕ್ಕೆ ಮುಂಚಿನ ವಾರ ನಮ್ಮ ಅಂಗಡಿಯ ಬೆಲ್ಲವೆಲ್ಲ ಖಾಲಿ.

ಅಪ್ಪನ ಪುಸ್ತಕಗಳಲ್ಲಿ ದೇಶದ ಕಥೆಯೂ ಇದೆ. 1957ರ ಏಪ್ರಿಲ್ ಒಂದರಿಂದ ಆಣೆ ಹೋಗಿ ನಯಾಪೈಸೆ ಬಂತು. ನಾಲ್ಕಾಣೆಗೆ ಇಪ್ಪತ್ತೈದು ಸರಿ. ಆದರೆ ಒಂದಾಣೆಗೆ ಆರೂಕಾಲು! ಆ ಕಾಲು ಪೈಸೆ ಅಂಗಡಿಯವನಿಗೋ ಕೊಳ್ಳುವವಳಿಗೋ ಎಂಬ ಜಗಳ ದಿನಾ ನಡೆಯುತ್ತಿತ್ತಂತೆ. ಅಪ್ಪ ಕೆಲವು ತಿಂಗಳು ಎರಡು ಲೆಕ್ಕವನ್ನೂ ಅಕ್ಕಪಕ್ಕ ಬರೆದಿದ್ದಾರೆ. ಅದರ ಬೆನ್ನಿಗೆ ಸೇರು ಹೋಗಿ ಕಿಲೋ ಬಂತು. ಹೆಂಗಸರು ಪಾವು, ಅಚ್ಚೇರು ಎಂದೇ ಕೇಳುವರು. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ ಗ್ರಾಂನಲ್ಲಿ ತೂಗುವರು.

ಅದರಾಚೆಗಿನ ಪುಟಗಳು 1963ರವು. ಚೀನಾ ಯುದ್ಧದ ಬೆನ್ನಿಗೇ, ಆ ಜನವರಿಯಲ್ಲಿ ಚಿನ್ನದ ನಿಯಂತ್ರಣದ ಕಾನೂನು ಬಂತು. ಹದಿನಾಲ್ಕು ಕ್ಯಾರೆಟ್‌ಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡುವ ಹಾಗಿಲ್ಲ. ದೇಶದ ತುಂಬ ಅಕ್ಕಸಾಲಿಗರಿಗೆ ಕೆಲಸವಿಲ್ಲದಂತಾಯಿತು. ನಮ್ಮ ಬೀದಿಯ ಅಕ್ಕಸಾಲಿಗರ ಕುಲುಮೆಯೂ ಆರಿತು. ಅವರ ಮನೆಗೆ ಅಪ್ಪ ಉದ್ರಿ ನಿಲ್ಲಿಸಲಿಲ್ಲ. ಇನ್ನೂ ಹತ್ತಾರು ಮನೆಯವರಿಗೂ ಹಾಗೆಯೇ. ಅದೇ ಸಮಯಕ್ಕೆ ಸಗಟು ಮಾಲು ಕೊಡುತ್ತಿದ್ದ ಮಂಡಿಯವರು ಬಾಕಿ ಕಟ್ಟದಿದ್ದರೆ ಮಾಲಿಲ್ಲ ಎಂದುಬಿಟ್ಟರು. ಆ ಆಷಾಢದಲ್ಲಿ ಅಮ್ಮನ ಕೈ ಬರಿದಾಯಿತು. ನನಗಾಗ ಎಂಟು ವರ್ಷ. ಬಳೆ ಎಲ್ಲಿ ಎಂದು ಕೇಳಿದ್ದಕ್ಕೆ ಅಮ್ಮ, “ಕೈ ಸಣ್ಣಗಾಗಿದೆ ಕಣೇ, ಜಾರ್ತಿದ್ವು, ಒಳಗಿಟ್ಟಿದೀನಿ” ಎಂದಿದ್ದರು.

ಅಟ್ಟದ ಪುಸ್ತಕದಲ್ಲಿ ಆ ಬಳೆಗಳು ಸಿಕ್ಕವು. ‘ಮನೆ’ ಎಂಬ ತಲೆಬರಹದ ಒಂದು ಪುಟ. ‘ನಾಲ್ಕು ಬಳೆ ಬಾಬ್ತು ಜಮಾ, ರೂ. 380.’ ಕೆಳಗೆ ಪ್ರತಿ ದೀಪಾವಳಿಗೆ ನೂರಕ್ಕೆ ಆರರಂತೆ ಬಡ್ಡಿ, ರೂ. 22-80. 1964ರಿಂದ ಅಂಗಡಿ ಮುಚ್ಚಿದ 1981ರವರೆಗೆ ಹದಿನೆಂಟು ಸಲ, ಒಂದು ವರ್ಷವೂ ತಪ್ಪಿಲ್ಲ. ಒಟ್ಟು ಬಾಕಿ ರೂ. 790-40. ಅಕ್ಕಸಾಲಿಗರ ಪುಟಕ್ಕೆ ಮಾತ್ರ ಅಡ್ಡಗೀಟು ಎಳೆದು ‘ಚುಕ್ತಾ’ ಎಂದು ಬರೆದಿದೆ. ಅವರಿಂದ ಹಣ ಬಂದ ಗುರುತು ಎಲ್ಲೂ ಇಲ್ಲ.

ನನಗೆ ಕಣ್ಣು ತುಂಬಿತು. ಎಂಥ ಪ್ರಾಮಾಣಿಕ ಮನುಷ್ಯ ಎಂದುಕೊಂಡು ಪುಸ್ತಕವನ್ನು ಅಮ್ಮನ ಹತ್ತಿರ ಒಯ್ದೆ. ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

“ಬರೆದಿಟ್ಟಿದ್ರಾ? ನಂಗೊಂದು ಮಾತು ಹೇಳಲೇ ಇಲ್ಲವಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಅವರೇ, “ಈ ದುಡ್ಡಿಗೆ ಆಗ ಒಂದು ಬಳೆನಾದ್ರೂ ಬರ್ತಿತ್ತೇನೇ?” ಎಂದರು.

ಬರುತ್ತಿರಲಿಲ್ಲ. 1963ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ನೂರು ರೂಪಾಯಿಯ ಆಸುಪಾಸು. 1981ಕ್ಕೆ ಅದು ಸಾವಿರದೈನೂರು ದಾಟಿತ್ತು. ಅಮ್ಮ ಕೊಟ್ಟದ್ದು ನಾಲ್ಕು ಬಳೆ. ಅಪ್ಪ ಬಡ್ಡಿ ಸಮೇತ ಋಣವೆಂದು ಒಪ್ಪಿಕೊಂಡ ಹಣ ಅರ್ಧ ಬಳೆಗೆ ಸಾಕಾಗುತ್ತಿತ್ತೇನೋ. ಆಣೆಯ ಕಾಲು ಪೈಸೆಗೂ ನ್ಯಾಯ ನೋಡಿದ ಮನುಷ್ಯ ಇದನ್ನು ನೋಡಲಿಲ್ಲ. ನೋಡಿದ್ದರೂ ಹೇಳಲು ಧೈರ್ಯವಾಗಲಿಲ್ಲವೋ ಏನೋ.

ಅಪ್ಪನ ಮೇಲೆ ನನಗೆ ಕೋಪವಿಲ್ಲ. ಆ ಕಾಲದಲ್ಲಿ ಹೆಂಡತಿಯ ಚಿನ್ನವನ್ನು ಸಾಲವೆಂದು ಬರೆದುಕೊಂಡವರೇ ಅಪರೂಪ. ಆದರೂ ಅಪ್ಪನನ್ನು ನೆನೆದು ಬಂಧುಗಳು, “ಬರಿಗೈಯಲ್ಲಿ ಬಂದು ಅಂಗಡಿ ಕಟ್ಟಿದರು” ಎಂದಾಗ ನಾನು ಸುಮ್ಮನಿರುವುದಿಲ್ಲ. ಬರಿಗೈಯಾದದ್ದು ಯಾರದು ಎಂದು ಆ ಪುಟ ತೆರೆದು ತೋರಿಸುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪುಸ್ತಕವಿದ್ದರೆ ತೂಕಕ್ಕೆ ಹಾಕಬೇಡಿ. ಕೆಳಗಿಳಿಸಿ, ಧೂಳು ಕೊಡವಿ ಒಮ್ಮೆ ಓದಿ. ನಿಮ್ಮಮ್ಮ ಇನ್ನೂ ಇದ್ದರೆ, ಅವರ ಪಕ್ಕದಲ್ಲಿ ಕೂತು ಓದಿ.