ಜೀವಶಾಸ್ತ್ರ ಶಿಕ್ಷಕರ ಕಾರ್ಯಾಗಾರಗಳ ಇತಿಹಾಸ

ಸೇವೆಯಲ್ಲಿರುವ ಜೀವಶಾಸ್ತ್ರ ಶಿಕ್ಷಕರು ಹೊಸ ಜ್ಞಾನ, ಪ್ರಯೋಗ ಮತ್ತು ಬೋಧನಾಕ್ರಮಗಳನ್ನು ಕಲಿಯಲು ಸೇರುವ ಅಲ್ಪಾವಧಿಯ ತರಬೇತಿಯೇ ಕಾರ್ಯಾಗಾರ. ಇದರ ಇಂದಿನ ರೂಪ ಬೆಳೆದದ್ದು 1950ರ ದಶಕದ ಅಮೆರಿಕದಲ್ಲಿ. 1953ರಲ್ಲಿ ಡಿಎನ್‌ಎ ರಚನೆ ತಿಳಿದ ಮೇಲೆ ಶಾಲೆಯ ಪಠ್ಯ ಹಳತಾಯಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿದಾಗ ಅಮೆರಿಕದಲ್ಲಿ ವಿಜ್ಞಾನ ಶಿಕ್ಷಣಕ್ಕೆ ಸರ್ಕಾರದ ಹಣ ಹರಿದುಬಂತು. 1958ರಲ್ಲಿ ಆರಂಭವಾದ, ಜೀವಶಾಸ್ತ್ರ ಪಠ್ಯಕ್ರಮ ರೂಪಿಸುವ ಬಿ.ಎಸ್.ಸಿ.ಎಸ್. ಯೋಜನೆ ನೀಲಿ, ಹಳದಿ, ಹಸಿರು ಎಂಬ ಮೂರು ಪಠ್ಯಗಳನ್ನು ರೂಪಿಸಿತು. ನೀಲಿ ಪಠ್ಯದಲ್ಲಿ ಅಣುಗಳಿಗೂ ಹಳದಿಯಲ್ಲಿ ಜೀವಕೋಶಕ್ಕೂ ಹಸಿರಿನಲ್ಲಿ ಪರಿಸರಕ್ಕೂ ಪ್ರಾಧಾನ್ಯವಿತ್ತು. ವಿಜ್ಞಾನವನ್ನು ಸಿದ್ಧ ಉತ್ತರಗಳ ಮೊತ್ತವಾಗಿ ಅಲ್ಲ, ವಿಚಾರಣೆಯಾಗಿ ಕಲಿಸಬೇಕೆಂದು ಶಿಕ್ಷಣತಜ್ಞ ಜೋಸೆಫ್ ಶ್ವಾಬ್ ವಾದಿಸಿದರು. ಹಾಗೆ ಕಲಿಸಬೇಕಾದವರು ಮೊದಲು ಹಾಗೆ ಕಲಿತಿರಬೇಕು. ಕಾರ್ಯಾಗಾರಗಳ ಇತಿಹಾಸದುದ್ದಕ್ಕೂ ಅವುಗಳ ಏಳುಬೀಳನ್ನು ನಿರ್ಧರಿಸಿದ್ದು ಈ ಒಂದು ತತ್ತ್ವ.

ಭಾರತದಲ್ಲಿ 1961ರಲ್ಲಿ ಶಾಲಾ ಶಿಕ್ಷಣದ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಇಆರ್‌ಟಿ ಸ್ಥಾಪನೆಯಾಯಿತು. 1963ರಿಂದ ಅಮೆರಿಕದ ನೆರವಿನೊಂದಿಗೆ ವಿಜ್ಞಾನ ಶಿಕ್ಷಕರಿಗೆ ಬೇಸಿಗೆ ಶಿಬಿರಗಳು ನಡೆದವು. ಅದೇ ವರ್ಷ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಗಿ, ದಕ್ಷಿಣದ ರಾಜ್ಯಗಳ ಶಿಕ್ಷಕರ ತರಬೇತಿಗೆ ನೆಲೆಯಾಯಿತು. ಆದರೆ ಶಿಬಿರದಲ್ಲಿ ಪ್ರಯೋಗ ಮಾಡಿ ಬಂದ ಶಿಕ್ಷಕರನ್ನು ಊರಿನಲ್ಲಿ ಎದುರುಗೊಂಡದ್ದು ಬಾಯಿಪಾಠವನ್ನೇ ಅಳೆಯುವ ಪರೀಕ್ಷೆ. ಈ ತೊಡಕನ್ನು ನೇರವಾಗಿ ಎದುರಿಸಿದ್ದು 1972ರಲ್ಲಿ ಮಧ್ಯಪ್ರದೇಶದ 16 ಶಾಲೆಗಳಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ. ಅಲ್ಲಿ ಶಿಕ್ಷಕರು ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನು ತಾವೇ ಮಾಡಿದರು, ತಿಂಗಳ ಸಭೆಗಳಲ್ಲಿ ತರಗತಿಯ ತೊಡಕುಗಳನ್ನು ಚರ್ಚಿಸಿದರು. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯೂ ಪ್ರಾಯೋಗಿಕ ಪರೀಕ್ಷೆಯೂ ಜಾರಿಗೆ ಬಂದವು. 1978ರಲ್ಲಿ ಅದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು.

ಇಂಥ ತರಬೇತಿ ದುಬಾರಿ, ಲಕ್ಷಾಂತರ ಶಿಕ್ಷಕರನ್ನು ಅದು ಮುಟ್ಟಲಾರದು ಎಂಬ ಆಕ್ಷೇಪ ಹಳೆಯದು. 2002ರಲ್ಲಿ ಸರ್ಕಾರವೇ ಹೋಶಂಗಾಬಾದ್ ಕಾರ್ಯಕ್ರಮವನ್ನು ನಿಲ್ಲಿಸಿದ್ದನ್ನು ಅದರ ಸೋಲಿಗೆ ಸಾಕ್ಷಿಯೆಂದು ಹೇಳುವವರೂ ಉಂಟು. ಆದರೆ ಆಡಳಿತ ಕೈಬಿಟ್ಟಿತೆಂಬ ಮಾತ್ರಕ್ಕೆ ವಿಧಾನ ಸೋತಂತಾಗದು; ಮೂರು ದಶಕ ಸಾಮಾನ್ಯ ಶಾಲೆಗಳಲ್ಲಿ ನಡೆದದ್ದನ್ನು ಅಸಾಧ್ಯವೆನ್ನಲೂ ಆಗದು. ಸಂಖ್ಯೆಯ ಪ್ರಶ್ನೆ ಮಾತ್ರ ನಿಜವಾದದ್ದು. ಅದಕ್ಕೆ ಉತ್ತರವಾಗಿ 1986ರ ಶಿಕ್ಷಣ ನೀತಿಯ ಬಳಿಕ ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಬಂದವು, 2019ರಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ ಯೋಜನೆ ಬಂತು. 2020ರ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ವಂಶವಾಹಿಗಳ ಬಗೆಗಿನ ಹೊಸ ಮಾಹಿತಿಯನ್ನು ಪರದೆಯ ಮೇಲಿನ ಪಾಠ ತಲುಪಿಸಬಲ್ಲದು. ಆದರೆ ಈರುಳ್ಳಿ ಸಿಪ್ಪೆಯ ಕೋಶಗಳನ್ನು ಸೂಕ್ಷ್ಮದರ್ಶಕದಡಿ ಹುಡುಕುವ, ಕಂಡದ್ದನ್ನು ಪ್ರಶ್ನಿಸುವ ಅಭ್ಯಾಸ ಕೈಯಿಂದಲೇ ಬರಬೇಕು. ಆದ್ದರಿಂದ ಆ 50 ಗಂಟೆಗಳಲ್ಲಿ ದೊಡ್ಡ ಪಾಲು ಪ್ರಯೋಗಾಲಯಕ್ಕೂ ಶಾಲೆಯ ಸುತ್ತಲಿನ ಹೊಲ, ಕೆರೆಗಳಿಗೂ ಸಲ್ಲಬೇಕು. ಪರೀಕ್ಷೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು.